ಬೆನ್ನಿಗೆ ಬೆನ್ನು ಕೊಟ್ಟು ಕೂತ ಪರೀಕ್ಷೆ

ಓದುವ ಎಲ್ಲರಿಗೂ ಶರಣು. ಬರೆಯುವುದು ನನಗೆ ರೂಢಿಯಿಲ್ಲ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಎಲ್ಲಾದರೂ ಒತ್ತು ಜಾರಿದ್ದರೆ, ನಡುವೆ ಮರಾಠಿ ಮಾತು ನುಸುಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿರಿ. ನಮ್ಮ ಮನೆಯ ಮಾತು ಭಾಲ್ಕಿ ಕಡೆಯದು. ನಾನು ಬೆಳೆದದ್ದು ಮಹಾರಾಷ್ಟ್ರದ ಸಂಭಾಜಿನಗರ ಜಿಲ್ಲೆಯಲ್ಲಿ. ಅಲ್ಲಿ ಕನ್ನಡ ಅಂತಲೇ ಒಂದು ತಾಲೂಕು ಊರಿದೆ, ಅಲ್ಲಿ ನಮ್ಮಪ್ಪನದು ಕಿರಾಣಿ ಅಂಗಡಿ. ಆ ಊರಿನಲ್ಲಿ ಕನ್ನಡ ಮಾತಾಡುವವರು ನಮ್ಮ ಮನೆಯವರು ಮತ್ತು ಎದುರಿನ ಸಾಲಿನ ಒಬ್ಬ ಮುದುಕಪ್ಪ, ಅಷ್ಟೇ.

ಹೋದ ತಿಂಗಳು ನಾಸಿಕಕ್ಕೆ ಹೋಗಿದ್ದೆ. ಪಂಚವಟಿಯಲ್ಲಿ, ರಿಕ್ಷಾ ಒಳಗೆ ಬರದಷ್ಟು ಸಣ್ಣ ಗಲ್ಲಿಯಲ್ಲಿ ನಮ್ಮ ಅಕ್ಕೋರ ಮನೆ. ನಮ್ಮ ಕಡೆ ಶಾಲೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎನ್ನುತ್ತಾರೆ. ಅವರು ನಿವೃತ್ತರಾಗಿ ಅಲ್ಲಿ ಯಜಮಾನರ ಜೊತೆ ಇದ್ದಾರೆ. ಚಹಾ ಸೋಸುತ್ತಿದ್ದರು. ನಾನು ಮೆಲ್ಲಗೆ ಮಾತು ತೆಗೆದೆ.

"ಅಕ್ಕೋರೆ, ನಿಮ್ ಮ್ಯಾಲ ಏನಾರ ಬರೀಬೇಕಂತ ಮಾಡೀನ್ರಿ."

"ನನ್ ಮ್ಯಾಲ ಏನ್ ಬರೀತಿ? ನಮ್ ಗಲ್ಯಾಗ ನೀರ್ ಬರಲ್ದಂತ ಬರಿ, ನಾಕ್ ಮಂದಿಗಿ ಉಪಯೋಗ ಆಗ್ತದ."

"ಆ ತೈವಾನ್ ಮಕ್ಕಳ ಪರೀಕ್ಷಾದ್ ಬಗ್ಗೆ ರೀ."

ಅವರು ಸೋಸಣಿಗೆ ಕೆಳಗಿಟ್ಟರು. ಆಮೇಲೆ ಹೇಳಿದರು: "ಬರಿ. ನನ್ನ ಹೆಸರ್ ಬ್ಯಾಡ, ಶಾಳಾದ್ ಹೆಸರ್ ಬ್ಯಾಡ. ಆದ್ರ ತಪ್ಪು ನಂದೇ ಇತ್ತಂತ ಪೂರಾ ಬರಿ. ಅದನ್ನ ಮುಚ್ಚಿ ಬರದಿ ಅಂದ್ರ ಕೆಂಪು ಪೆನ್ ತಗೊಂಡ್ ಅಲ್ಲೀ ತನಕ ಬರ್ತೀನ್ ನೋಡು."

ಆದ್ದರಿಂದ ಹೆಸರು ಹಾಕುತ್ತಿಲ್ಲ. ಉಳಿದದ್ದು ಪೂರಾ ಬರೆಯುತ್ತೇನೆ.

ಸಂಭಾಜಿನಗರದ ಹೊರಗೆ, ಕಾರ್ಖಾನೆಗಳು ಶುರುವಾಗುವ ಕಡೆ ನಮ್ಮ ಶಾಲೆ. ಐದನೆಯ ತರಗತಿಯಿಂದ ಹನ್ನೆರಡರವರೆಗೆ ಇದೆ. ಆಗ ಅಲ್ಲಿ ನಾನು ಜವಾನ, ಅವರು ಇಂಗ್ಲಿಷ್ ಅಕ್ಕೋರು, ನಮ್ಮ ಕಡೆಯವರೇ. ಗಿಡ್ಡ ಆಳು. ನೂಲಿನ ಸೀರೆ, ಗಂಡಸರ ಗಡಿಯಾರ, ಅದರ ಮುಖ ಮಣಿಕಟ್ಟಿನ ಒಳಗಡೆಗೆ. ಚೀಲದಲ್ಲಿ ಯಾವಾಗಲೂ ಒಂದು ಡಬ್ಬಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಸ್ಟಾಫ್ ರೂಮಿನಲ್ಲಿ ಯಾರ ಪಲ್ಯ ಸಪ್ಪಗಿದ್ದರೂ ಕೇಳದೆಯೇ ಅದರ ಮೇಲೆ ಒಂದು ಚಮಚ ಉದುರಿಸುತ್ತಿದ್ದರು.

ಯಜಮಾನರು ಬ್ಯಾಂಕಿನಲ್ಲಿ. ಅವರಿಗೆ ನಾಸಿಕಕ್ಕೆ ವರ್ಗವಾದಾಗ ಅಕ್ಕೋರು ಶಾಲೆ ಬಿಡಲಿಲ್ಲ. ಶನಿವಾರ ಮಧ್ಯಾಹ್ನ ಎಸ್‌ಟಿ ಬಸ್ಸು ಹತ್ತುವುದು, ಸೋಮವಾರ ಬಸ್ಸಿನಿಂದ ಇಳಿದು ನೇರ ತರಗತಿಗೆ ಬರುವುದು. ಉತ್ತರ ಪತ್ರಿಕೆಗಳನ್ನು ಬಸ್ಸಿನಲ್ಲೇ ತಿದ್ದುತ್ತಿದ್ದರು. ಹುಡುಗರು ಪೇಪರು ಹಿಡಿದು ಬಂದು, "ಮ್ಯಾಡಮ್, ಇಲ್ಲಿ ಯಾಕೆ ಇಷ್ಟುದ್ದ ಕೆಂಪು ಗೀಟು?" ಎಂದರೆ, "ಅದು ನಾಸಿಕ ರಸ್ತೆಯಲ್ಲಿ ಯೇವಲಾ ಹತ್ತಿರದ ತಗ್ಗಿನದು, ನಿನ್ನ ತಪ್ಪಲ್ಲ" ಎನ್ನುತ್ತಿದ್ದರು.

ನನ್ನ ಓದು ಏಳನೆಯದಕ್ಕೇ ನಿಂತಿತ್ತು. ಗಂಟೆ ಹೊಡೆದು ಬಂದವನು ಅವರ ತರಗತಿಯ ಬಾಗಿಲಲ್ಲಿ ನಿಂತು ಪಾಠ ಕೇಳುತ್ತಿದ್ದೆ. ಒಂದು ದಿನ ಹೊರಗೆ ಬಂದು ನನ್ನನ್ನು ಹಿಡಿದರು.

"ತಮ್ಮಾ, ಬಾಗಲ್ದಾಗ ನಿಂತು ಎಷ್ಟ್ ವರ್ಷ ಕಲೀತಿ? ಸತ್ರಾ ನಂಬರ್ ಫಾರ್ಮ್ ತುಂಬು."

ಶಾಲೆಗೆ ಹೋಗದವರು ಹತ್ತನೆಯ ಪರೀಕ್ಷೆಗೆ ಕೂರಲು ಇಲ್ಲಿ ತುಂಬುವ ಅರ್ಜಿ ಅದು.

"ಈ ವಯಸ್ಸಿನ್ಯಾಗೇನ್ರಿ ಅಕ್ಕೋರೆ? ನನ್ ಮಗಳು ನಾಕನೇದು ಅದಾಳ."

"ಛಲೋ ಆತಲ್ಲ. ಇಬ್ಬರೂ ಕೂಡಿ ಓದ್ರಿ. ಯಾರರೇ ಒಬ್ಬರು ಪಾಸಾಗ್ತೀರಿ."

ಇಂಗ್ಲಿಷಿನಲ್ಲಿ ಒಮ್ಮೆ ಬಿದ್ದು, ಮತ್ತೆ ಕಟ್ಟಿ ಪಾಸಾದೆ. ಪೇಢೆ ತೆಗೆದುಕೊಂಡು ಹೋದರೆ ಬಾಯಿಗೆ ಹಾಕಿಕೊಂಡು ಒಂದೇ ಮಾತು ಕೇಳಿದರು: "ಹನ್ನೆರಡನೇದು ಯಾವಾಗ?" ಇವತ್ತು ಅದೇ ಶಾಲೆಯ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುತ್ತೇನೆ. ಅದು ಅವರು ಕೊಟ್ಟ ಕುರ್ಚಿ.

ಅವರ ಪರೀಕ್ಷೆಯ ಬಗ್ಗೆ ಹೇಳಬೇಕು. ಎರಡು ಭಾಗ. ಓದಿ ತಿಳಿದುಕೊಳ್ಳುವುದು ಕಾಗದದ ಮೇಲೆ. ಕೇಳಿ ತಿಳಿದುಕೊಳ್ಳುವುದು ಬಾಯಿಮಾತಿನಲ್ಲಿ. ಎರಡನೆಯದಕ್ಕೆ ಹುಡುಗರನ್ನು ಒಬ್ಬೊಬ್ಬರನ್ನಾಗಿ ನಾನು ಒಳಗೆ ಬಿಡಬೇಕು. ಅಕ್ಕೋರು ಎದುರಿಗೆ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಒಂದು ಸಣ್ಣ ಕಥೆ ಓದುತ್ತಾರೆ. ಒಂದೇ ಸಲ. ಆಮೇಲೆ ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ ಹೇಳುತ್ತಾರೆ, ಸರಿಯಾದದ್ದನ್ನು ಹುಡುಗ ಆರಿಸಿ ಹೇಳಬೇಕು. ಕೊನೆಗೆ ಯಾವುದರ ಮೇಲೆ ನಿಲ್ಲುತ್ತಾನೋ ಅದಕ್ಕೆ ಮಾರ್ಕು. ಹುಡುಗ ಹೆದರಿ ತೊದಲುತ್ತ ಸರಿಯಾದದ್ದನ್ನು ಹೇಳಿದರೆ ಅಕ್ಕೋರು ಗೋಣು ತೂಗುತ್ತಿದ್ದರು. ನಮ್ಮ ಮಂದಿಯೆಲ್ಲ ತೂಗುತ್ತೇವಲ್ಲ, ಕಿವಿ ಭುಜದ ಕಡೆಗೆ ಬಾಗಿಸಿ, ಆ ಕಡೆ ಈ ಕಡೆ, 'ಹೂಂ, ಬರೋಬ್ಬರಿ ಅದ' ಅಂತ. ಹಾಗೆ. ಮಕ್ಕಳ ಮುಖ ಅಲ್ಲೇ ಅರಳುತ್ತಿತ್ತು.

ಮರುಪರೀಕ್ಷೆ ಎಂಬ ಮಾತು ಅವರ ಬಳಿ ನಡೆಯುತ್ತಿರಲಿಲ್ಲ. ಸಂಸ್ಥೆಯ ಅಧ್ಯಕ್ಷರ ತಂಗಿಯ ಮಗ ಬಿದ್ದಾಗಲೂ ನಡೆಯಲಿಲ್ಲ.

ಅಂಥಾದ್ದರಲ್ಲಿ ತೈವಾನ್ ಮಕ್ಕಳು ಬಂದರು. ಹತ್ತಿರದ ಒಂದು ಕಾರ್ಖಾನೆಯಲ್ಲಿ ಹೊಸ ಯಂತ್ರ ಕೂರಿಸಲು ಅಲ್ಲಿಂದ ಎಂಜಿನಿಯರುಗಳು ಸಂಸಾರ ಸಮೇತ ಬಂದಿದ್ದರು. ಮನೆಯಲ್ಲಿ ಚೀನೀ ಭಾಷೆ. ಐದಾರು ಮಕ್ಕಳು, ಎಲ್ಲರೂ ಹೈಸ್ಕೂಲಿನ ವಯಸ್ಸಿನವರು. ಎಲ್ಲರ ಹೆಗಲಿಗೂ ಒಂದೊಂದು ಥರ್ಮಾಸು. ಬಿಸಿಲು ಬೆಂಕಿಯಂತಿದ್ದರೂ ಬಿಸಿನೀರೇ ಕುಡಿಯುತ್ತಿದ್ದರು. ಅವರಲ್ಲಿ ದೊಡ್ಡವಳು ಯಾಲಿಂಗ್. ಅಕ್ಕೋರು ಮೊದಲ ದಿನವೇ ಅವಳನ್ನು ಯಲ್ಲೂ ಮಾಡಿಬಿಟ್ಟರು. "ನಮ್ ಕಡಿ ಹುಡುಗೀನೇ ಆದ್ಳಲ್ಲೋ" ಎಂದು ನನ್ನ ಕಡೆ ನೋಡಿ ನಕ್ಕರು.

ಯಾಲಿಂಗ್ ಅಲ್ಲಿ ಹತ್ತನೆಯದು ಮುಗಿಸಿದ್ದಳು. ಇಲ್ಲಿ ಹನ್ನೊಂದಕ್ಕೆ ಸೇರಬೇಕು. ಆದರೆ ಇಂಗ್ಲಿಷ್ ತಿಳಿಯದಿದ್ದರೆ ಪಾಠ ಹೇಗೆ ತಿಳಿದೀತು? ಆದ್ದರಿಂದ ಪರೀಕ್ಷೆ ಮಾಡಿ ಯಾರು ಯಾವ ತರಗತಿಗೆ ಎಂದು ತೀರ್ಮಾನಿಸುವುದು ಎಂದಾಯಿತು. ಅವಳ ತಂದೆ ಆಫೀಸಿಗೆ ಬಂದು ಮೊದಲೇ ಹೇಳಿದ್ದರು: ಕೆಳಗಿನ ತರಗತಿಗೆ ಹಾಕಿದರೆ ಮಗಳ ವರ್ಷಗಳು ಹಾಳಾಗುತ್ತವೆ, ಹಾಗಾದರೆ ಅವಳೊಬ್ಬಳನ್ನೇ ತೈವಾನಿಗೆ ಹಿಂದಕ್ಕೆ ಕಳಿಸಿ ಹಾಸ್ಟೆಲಿನಲ್ಲಿ ಬಿಡುತ್ತೇವೆ. ತಾಯಿ ಪಕ್ಕದಲ್ಲಿ ಕೂತು ಮಗಳ ಚೀಲದ ಪಟ್ಟಿಯನ್ನು ಕೈಗೆ ಸುತ್ತಿಕೊಳ್ಳುತ್ತಿದ್ದರು, ಬಿಚ್ಚುತ್ತಿದ್ದರು.

ಓದುವ ಪರೀಕ್ಷೆ ಆಯಿತು. ಎಲ್ಲರೂ ಚೆನ್ನಾಗಿ ಮಾಡಿದರು. ಯಾಲಿಂಗಳ ಪೇಪರಿನಲ್ಲಿ ಅಕ್ಕೋರಿಗೆ ಕೆಂಪು ಪೆನ್ನಿನ ಕೆಲಸವೇ ಇರಲಿಲ್ಲ. ಮರುದಿನ ಕೇಳುವ ಪರೀಕ್ಷೆ. ಎಲ್ಲರೂ ಬಿದ್ದರು. ಸುಮ್ಮನೆ ಬೀಳಲಿಲ್ಲ, ನೆಲ ಕಚ್ಚಿದರು. ಯಾಲಿಂಗ್ ಎಲ್ಲರಿಗಿಂತ ಕೆಳಗೆ.

ಸ್ಟಾಫ್ ರೂಮಿನಲ್ಲಿ ಗಣಿತದ ಸರ್ ನಕ್ಕರು. ಮರಾಠಿಯವರು, ಅವರ ಮಾತನ್ನು ನಾನು ಕನ್ನಡ ಮಾಡಿ ಬರೆಯುತ್ತೇನೆ. "ಮ್ಯಾಡಮ್, ಓದೋದರಲ್ಲಿ ಒಬ್ಬರದೊಬ್ಬರು ನೋಡಿ ಬರೆದಿದ್ದಾರೆ. ಒಬ್ಬೊಬ್ಬರೇ ಕೂತಾಗ ಬಣ್ಣ ಬಯಲಾಯ್ತು." ಅಧ್ಯಕ್ಷರು ಎಲ್ಲರನ್ನೂ ಎಂಟನೆಯ ತರಗತಿಗೆ ಹಾಕಿ ಎಂದರು. ಮುಂದಿನ ವಾರ ಸಭೆಯಲ್ಲಿ ಮುದ್ರೆ ಒತ್ತುವುದಷ್ಟೇ ಬಾಕಿ.

ಅಕ್ಕೋರು ಮಾತ್ರ ಆ ಮಾರ್ಕುಗಳನ್ನು ಮುಂದಿಟ್ಟುಕೊಂಡು ಕೂತೇ ಇದ್ದರು. ಶೇಂಗಾ ಹಿಂಡಿಯ ಡಬ್ಬಿ ತೆರೆದಿರಲಿಲ್ಲ.

"ತಮ್ಮಾ, ಏನೂ ಬರಲಾರ್ದ ಹುಡುಗ ಕಣ್ ಮುಚ್ಚಿ ಹೇಳಿದ್ರೂ ನಾಕರಾಗ ಒಂದು ಹತ್ತೇ ಹತ್ತತದ. ಇವರಿಗಿ ಅಷ್ಟೂ ಹತ್ತಿಲ್ಲ. ಬರಲಾರ್ದಕ್ಕ ಹಿಂಗ್ ಆಗಂಗಿಲ್ಲ. ಬಂದ್ರೇ ಹಿಂಗ್ ಆಗ್ತದ."

"ಬಂದ್ರ ಪಾಸಾಗಬೇಕಲ್ರಿ?"

"ಅದೇ ಮತ್ತ!" ಎಂದು ನನ್ನ ಮೇಲೆಯೇ ರೇಗಿದರು.

ಆ ಭಾನುವಾರ ಮಕ್ಕಳನ್ನು ವೇರೂಳಿಗೆ, ಅಂದರೆ ಎಲ್ಲೋರಕ್ಕೆ, ಗುಹೆ ತೋರಿಸಲು ಕರೆದುಕೊಂಡು ಹೋಗುವುದು ಮೊದಲೇ ನಿಗದಿಯಾಗಿತ್ತು. ಅಕ್ಕೋರು ನಾಸಿಕಕ್ಕೆ ಹೋಗದೆ ಜೊತೆಗೆ ಬಂದರು. ಗುಹೆಗಳನ್ನು ನೋಡಿ, ಬಿಸಿಲಲ್ಲಿ ಬೆಂದು, ದೇವಸ್ಥಾನದ ಹತ್ತಿರದ ಒಂದು ಚಹಾ ಅಂಗಡಿಯ ಮುಂದೆ ಕೂತೆವು. ಯಾಲಿಂಗ್ ಖಾಲಿ ಥರ್ಮಾಸು ಹಿಡಿದು ಅಂಗಡಿಯವನ ಹತ್ತಿರ ಹೋಗಿ, ಬಿಸಿನೀರು ಇದೆಯೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಪ್ರವಾಸಿಗಳ ಜೊತೆ ವ್ಯವಹರಿಸಿ ಅವನಿಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ಗೋಣು ತೂಗಿ, ಒಲೆಯ ಕಡೆ ತಿರುಗಿ ಕಿಟಲಿ ಎತ್ತಿದ. ಇವಳು ಥ್ಯಾಂಕ್ಯೂ ಹೇಳಿ, ಖಾಲಿ ಥರ್ಮಾಸಿನೊಂದಿಗೆ ನಮ್ಮ ಕಡೆ ಬಂದುಬಿಟ್ಟಳು.

ಅಂಗಡಿಯವ ಹೊಗೆಯಾಡುವ ಕಿಟಲಿ ಹಿಡಿದು ಈ ಕಡೆ ತಿರುಗಿದರೆ ಹುಡುಗಿಯೇ ಇಲ್ಲ. "ಅರೇ! ಪೋರಗೀ ಕುಠೇ ಗೇಲೀ?" ಎಂದು, ಹುಡುಗಿ ಎಲ್ಲಿ ಹೋದಳೆಂದು ಸುತ್ತ ನೋಡುತ್ತ ನಿಂತ.

ಅಕ್ಕೋರು ನಕ್ಕರು. ನಗುತ್ತಲೇ ಯಾಲಿಂಗಳನ್ನು ಕೇಳಿದರು, ಯಾಕೆ ವಾಪಸು ಬಂದೆ? ಇಲ್ಲ ಅಂದರು, ಎಂದಳು ಅವಳು. ಯಾವಾಗ ಅಂದರು? ಹುಡುಗಿ ಬಾಯಿಯಿಂದ ಉತ್ತರ ಕೊಡಲಿಲ್ಲ. ಅಂಗಡಿಯವನ ಹಾಗೆ ಗೋಣನ್ನು ಆ ಕಡೆ ಈ ಕಡೆ ತೂಗಿ ತೋರಿಸಿದಳು.

ಅಕ್ಕೋರ ನಗೆ ಅರ್ಧಕ್ಕೆ ನಿಂತಿತು. ಕೈಯಲ್ಲಿದ್ದ ಗ್ಲಾಸು ಬೆಂಚಿನ ಮೇಲಿಟ್ಟರು. ಅವಳನ್ನು ಹತ್ತಿರ ಕೂರಿಸಿಕೊಂಡು ನಿಧಾನವಾಗಿ ಕೇಳಿದರು: ನನ್ನ ಪರೀಕ್ಷೆಯಲ್ಲಿ ನಾನು ಹೀಗೆ ಮಾಡಿದಾಗ ನೀನು ಏನು ತಿಳಿದುಕೊಂಡೆ?

ಯಾಲಿಂಗ್ ಹೇಳಲು ಸಂಕೋಚಪಟ್ಟಳು. ಮೊದಲು ಉಳಿದ ಮಕ್ಕಳ ಮುಖ ನೋಡಿದಳು. ಆಮೇಲೆ, ಒಂದೊಂದೇ ಮಾತು ಜೋಡಿಸಿ, ಉತ್ತರ ತಪ್ಪು ಅಂತ ತಿಳಿದುಕೊಂಡೆ ಎಂದಳು. ನೀವು ಬಹಳ ಒಳ್ಳೆಯವರು, ಪ್ರತಿ ಸಲ ಇನ್ನೊಂದು ಅವಕಾಶ ಕೊಡುತ್ತಿದ್ದೀರಿ ಅಂದುಕೊಂಡೆ, ಅದಕ್ಕೇ ಪ್ರತಿ ಸಲ ಬದಲಾಯಿಸಿದೆ. ಉಳಿದ ಮಕ್ಕಳೂ ಹೌದು ಹೌದು ಎಂದು ತಲೆಯನ್ನು ಮೇಲೆ ಕೆಳಗೆ ಆಡಿಸಿದರು.

ಅಕ್ಕೋರು ಗೋಣು ತೂಗುತ್ತಿದ್ದದ್ದು ಸರಿ ಉತ್ತರ ಬಂದಾಗ. ಅಂದರೆ ಮಕ್ಕಳು ಸರಿ ಉತ್ತರ ಹೇಳಿದಾಗಲೆಲ್ಲ ಅದನ್ನು ಬಿಟ್ಟು ತಪ್ಪಿಗೆ ಹೋಗಿದ್ದರು. ಹೆಚ್ಚು ತಿಳಿದವಳು ಹೆಚ್ಚು ಸಲ ಬದಲಾಯಿಸಿದ್ದಳು.

ಹಿಂದಿರುಗುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಮಕ್ಕಳ ತಪ್ಪಲ್ಲ ಎಂದು ಗೊತ್ತಾಯಿತಲ್ಲ, ಇನ್ನೇನು ಎಂದು ನನಗೆ ಸಂತೋಷ. ಅವರಿಗೆ ಇರಲಿಲ್ಲ.

"ತಮ್ಮಾ, ಇದು ಬರೇ ಈ ಮಕ್ಕಳದಲ್ಲ. ಇವರು ನನ್ ಗೋಣ್ ನೋಡಿ ಫೇಲ್ ಆದ್ರು. ನಮ್ ಹುಡುಗ್ರು ಇಷ್ಟ್ ವರ್ಷ ನನ್ ಗೋಣ್ ನೋಡೇ ಪಾಸಾಗ್ಯಾರೇನೊ."

"ಹಂಗೇನಿಲ್ರಿ ಅಕ್ಕೋರೆ."

"ನಿನಗೇನ್ ಗೊತ್ತು? ನೀ ಬಾಗಲ್ದಾಗ ನಿಂತಾಂವ. ಸುಮ್ನ ಕೂಡು."

ಸೋಮವಾರದ ಸಭೆಗೆ ಚಹಾ ಕೊಡಲು ನಾನು ಒಳಗಿದ್ದೆ. ಅಕ್ಕೋರು ನಿಂತು ನಡೆದದ್ದನ್ನು ಹೇಳಿದರು. ಮಕ್ಕಳು ಬಿದ್ದಿಲ್ಲ, ನನ್ನ ಪರೀಕ್ಷೆ ಬಿದ್ದಿದೆ ಎಂದರು.

ಗಣಿತದ ಸರ್ ಅವರಿಗೆ ಮಾತು ಸಿಕ್ಕಿತು. "ಹಾಗಾದರೆ ನಮ್ಮ ಹುಡುಗರ ಮಾರ್ಕೆಲ್ಲ ನಿಮ್ಮ ಗೋಣು ಕೊಟ್ಟದ್ದೇ ಮ್ಯಾಡಮ್?"

"ಎಲ್ಲ ಅಲ್ಲ. ಕೆಲವು ಹೌದಿರಬೇಕು," ಎಂದರು ಅಕ್ಕೋರು.

ಅಧ್ಯಕ್ಷರು ಕೆಟ್ಟವರಲ್ಲ. ಅವರು ದನಿ ತಗ್ಗಿಸಿ ಹೇಳಿದರು: "ಮ್ಯಾಡಮ್, ನೀವು ಇನ್ನೇನು ನಿವೃತ್ತರಾಗುವವರು. ಇಷ್ಟು ವರ್ಷದ ಹೆಸರಿದೆ. ಮರುಪರೀಕ್ಷೆ ಮಾಡಿ, ನನ್ನದೇನೂ ಅಡ್ಡಿಯಿಲ್ಲ. ಫ್ಯಾನಿನ ಸದ್ದಿಗೆ ಮಕ್ಕಳಿಗೆ ಕೇಳಿಸಲಿಲ್ಲ ಅಂತ ಬರೆದರೆ ಮುಗಿಯಿತು. ಈ ಗೋಣಿನ ವಿಷಯ ಯಾಕೆ? ನಾಳೆ ಪಾಲಕರು ಬಂದು ನಮ್ಮ ಮಕ್ಕಳ ಹಳೆಯ ಮಾರ್ಕು ಕೇಳುತ್ತಾರೆ."

"ಕೇಳಲಿ ಸರ್. ಫ್ಯಾನು ಅವತ್ತು ಬಂದ್ ಇತ್ತು."

ಅಧ್ಯಕ್ಷರು ನನ್ನ ಕಡೆ ನೋಡಿದರು. ನಾನು ಟ್ರೇ ಹಿಡಿದುಕೊಂಡು, "ಹೌದು ಸರ್, ಕರೆಂಟ್ ಇರಲಿಲ್ಲ" ಎಂದೆ. ಅವರು ಕೈ ಬೀಸಿ, ಏನಾದರೂ ಮಾಡಿಕೊಳ್ಳಿ ಎಂದರು. ಯಾರೋ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಿಸಿ ಎಂದು ಸಲಹೆ ಕೊಟ್ಟರು. ಅಕ್ಕೋರು ಒಪ್ಪಲಿಲ್ಲ. "ವರ್ಷವಿಡೀ ಅವರು ತರಗತಿಯಲ್ಲಿ ಕೇಳುವುದು ನಮ್ಮ ದನಿ. ಮೊಬೈಲ್ ಪಾಠ ಮಾಡುವುದಿಲ್ಲವಲ್ಲ."

ಆ ಸಂಜೆ ಶಾಲೆ ಬಿಟ್ಟ ಮೇಲೆ ಖಾಲಿ ತರಗತಿಯಲ್ಲಿ ಗೋಣು ನಿಲ್ಲಿಸುವ ಅಭ್ಯಾಸ. ನಾನು ಹುಡುಗ, ಅವರು ಅಕ್ಕೋರು. ನಾನು ಉತ್ತರ ಹೇಳಬೇಕು, ಅವರು ಅಲ್ಲಾಡಬಾರದು.

"ಆಡ್ತ್ರಿ."

"ಎಲ್ಲಿ ಆಡ್ತು?"

"ಈಗೂ ಆಡ್ಲತ್ತದ್ರಿ."

ಗದ್ದಕ್ಕೆ ಕೈ ಕೊಟ್ಟು ಕೂತರು. ಕೈ ಸಮೇತ ಆಡಿತು. ಬೆನ್ನು ತಿರುಗಿಸಿ ಕೂತರು. ಹಿಂದಿನಿಂದ ತುರುಬು ಗಂಟೆಯ ನಾಲಿಗೆಯ ಹಾಗೆ ತೂಗಿತು. ನನಗೆ ನಗು ತಡೆಯಲಿಲ್ಲ. "ನಗಬ್ಯಾಡೋ, ಹೊತ್ತಿಗಿ ಬಾರದವನೇ!" ಎಂದು ಬೈದು ತಾವೂ ನಕ್ಕು, ಕಣ್ಣೊರೆಸಿಕೊಂಡು ಹೇಳಿದರು, "ಇದು ನಿಲ್ಲಲ್ದು. ಕುರ್ಚಿ ತಿರಗಸು."

ಒಂದು ಕುರ್ಚಿ ಗೋಡೆಯ ಕಡೆಗೆ, ಒಂದು ಕಿಟಕಿಯ ಕಡೆಗೆ. ಬೆನ್ನಿಗೆ ಬೆನ್ನು. ಯಾರ ಮುಖವೂ ಯಾರಿಗೂ ಕಾಣಬಾರದು.

ಮರುಪರೀಕ್ಷೆಯ ದಿನ ಅಧ್ಯಕ್ಷರೂ ಬಂದು ಮೂಲೆಯಲ್ಲಿ ಕೂತರು. ಯಾಲಿಂಗ್ ಒಳಗೆ ಬಂದವಳು ಕುರ್ಚಿಗಳನ್ನು ನೋಡಿ ಬಾಗಿಲಲ್ಲೇ ನಿಂತಳು. ಗೋಡೆಯ ಕಡೆ ಮುಖ ಮಾಡಿ ಕೂತಿದ್ದ ಅಕ್ಕೋರು ತಿರುಗದೆ ಇಂಗ್ಲಿಷಿನಲ್ಲಿ ಹೇಳಿದರು: ಬಾ, ಕೂತುಕೋ. ಇವತ್ತು ನನ್ನ ಮುಖದಲ್ಲಿ ಏನೂ ಇಲ್ಲ. ನಿನ್ನ ಕಿವಿ ಏನು ಹೇಳುತ್ತದೋ ಅದನ್ನೇ ಹೇಳು.

ಹೊಸ ಕಥೆ. ಒಂದೇ ಸಲ ಓದಿದರು. ಯಾಲಿಂಗ್ ಕಿಟಕಿಯ ಹೊರಗಿನ ಬೇವಿನ ಮರ ನೋಡುತ್ತ ಕೇಳಿದಳು. ಮೊದಲ ಪ್ರಶ್ನೆ. ಉತ್ತರ.

ಬಾಗಿಲ ಬಳಿ ನಿಂತವನಿಗೆ ಇಬ್ಬರ ಮುಖವೂ ಕಾಣುತ್ತಿತ್ತು. ಆ ಕಥೆ ನನಗೆ ತಿಳಿದದ್ದು ಅರ್ಧ. ಆದರೆ ಅಕ್ಕೋರ ಗೋಣು ಪೂರಾ ತಿಳಿಯುತ್ತಿತ್ತು. ಉತ್ತರ ಬಂದ ಕೂಡಲೇ ಅದು ಗೋಡೆಯ ಎದುರು ತೂಗಿತು. ಎರಡನೆಯದಕ್ಕೂ ತೂಗಿತು. ಮುಂದಿನದಕ್ಕೂ. ಒಂದು ಪ್ರಶ್ನೆಗೆ ಮಾತ್ರ ನಿಂತಿತು. ಆಮೇಲೆ ಮತ್ತೆ ತೂಗತೊಡಗಿತು. ಹಿಂದೆ ಕೂತ ಹುಡುಗಿಗೆ ಇದೊಂದೂ ಗೊತ್ತಿಲ್ಲ. ಒಂದು ಉತ್ತರವನ್ನೂ ಬದಲಿಸದೆ, ಮರ ನೋಡುತ್ತ ಹೇಳುತ್ತಲೇ ಇದ್ದಳು. ಅವಳು ಹನ್ನೊಂದಕ್ಕೆ ಹೋದಳು ಎಂಬುದು ಎಲ್ಲರಿಗಿಂತ ಮೊದಲು ನನಗೆ ಗೊತ್ತಾಯಿತು.

ಉಳಿದವರೂ ತಮ್ಮ ತಮ್ಮ ತರಗತಿಗೆ ಸೇರಿದರು, ಒಬ್ಬ ಹುಡುಗನನ್ನು ಬಿಟ್ಟು. ಅವನಿಗೆ ನಿಜಕ್ಕೂ ಕೇಳಿ ತಿಳಿಯುತ್ತಿರಲಿಲ್ಲ. ಅವನ ತಂದೆ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಮೇಲಿನವರು. ಅಕ್ಕೋರು ಅವನನ್ನು ಎಂಟನೆಯದಕ್ಕೇ ಹಾಕಿದರು, ದಿನಾ ಮಧ್ಯಾಹ್ನ ತಾವೇ ಕೂತು ಕಲಿಸಿದರು.

ಆದರೆ ಶಾಲೆಯಲ್ಲಿ ಬೇರೆ ಮಾತು ಹಬ್ಬಿತು. ಪರದೇಶದವರು, ಕಾರ್ಖಾನೆಯವರು, ಅದಕ್ಕೇ ಎರಡನೇ ಪರೀಕ್ಷೆ ಸಿಕ್ಕಿತು. ಹನ್ನೊಂದನೆಯ ತರಗತಿಯಲ್ಲಿ ಯಾಲಿಂಗಳ ಪಕ್ಕ ಯಾರೂ ಕೂರಲಿಲ್ಲ. ಅವಳು ತಂದೆಗೆ, ನನ್ನನ್ನು ವಾಪಸು ಕಳಿಸಿ ಎಂದಳಂತೆ.

ಮರುದಿನ ಪ್ರಾರ್ಥನೆ ಮುಗಿದ ಮೇಲೆ ಅಕ್ಕೋರು ಮೈಕಿನ ಮುಂದೆ ಹೋದರು. ಅಧ್ಯಕ್ಷರನ್ನು ಕೇಳಲಿಲ್ಲ. ಇಡೀ ಶಾಲೆ ಬಿಸಿಲಲ್ಲಿ ಸಾಲು ನಿಂತಿತ್ತು. ಮರಾಠಿಯಲ್ಲಿ ಹೇಳಿದರು, ನಾನು ಇಲ್ಲಿ ಕನ್ನಡದಲ್ಲಿ ಹೇಳುತ್ತೇನೆ:

"ಈ ಮಕ್ಕಳಿಗೆ ನಾನು ಎರಡನೇ ಅವಕಾಶ ಕೊಟ್ಟಿಲ್ಲ. ಮೊದಲನೆಯದನ್ನು ನಾನೇ ಕೆಡಿಸಿದ್ದೆ. ನಾನು ಗೋಣು ತೂಗಿದ್ದರಿಂದ ಇವರು ಸರಿ ಉತ್ತರ ಬಿಟ್ಟರು. ಅದೇ ಗೋಣು ನೋಡಿ ನಿಮ್ಮಲ್ಲಿ ಕೆಲವರು ಸರಿ ಉತ್ತರ ಹಿಡಿದಿರಬೇಕು. ಎರಡೂ ನನ್ನ ತಪ್ಪು. ನಿಮ್ಮ ಮಾರ್ಕು ನಿಮ್ಮದೇ, ಯಾರದನ್ನೂ ಕಡಿಮೆ ಮಾಡುವುದಿಲ್ಲ. ಆದರೆ ನಿಮ್ಮ ಕಿವಿಗೆ ನಿಜವಾಗಿ ಎಷ್ಟು ಬರುತ್ತದೆ ಎಂದು ತಿಳಿಯಬೇಕು ಅನ್ನಿಸಿದವರು ಮಧ್ಯಾಹ್ನ ಬನ್ನಿ. ಕುರ್ಚಿ ಹಾಗೇ ಇಟ್ಟಿದ್ದೇನೆ."

ನಾನು ಗಂಟೆಯ ಕಂಬದ ಹತ್ತಿರ ನಿಂತಿದ್ದೆ. ಗಣಿತದ ಸರ್ ಚಪ್ಪಲಿ ನೋಡುತ್ತಿದ್ದರು. ಆ ಗಿಡ್ಡ ಹೆಂಗಸು ಮೈಕನ್ನು ತನ್ನ ಎತ್ತರಕ್ಕೆ ಬಗ್ಗಿಸಿಕೊಂಡು, ಇಷ್ಟು ವರ್ಷದ ಹೆಸರನ್ನು ಮಕ್ಕಳ ಮುಂದೆ ಬಿಚ್ಚಿಟ್ಟು ನಿಂತಿದ್ದರು. ಇವರು ನಮ್ಮ ಕಡೆಯವರು, ನನ್ನ ಅಕ್ಕೋರು ಎಂದು ಕೂಗಿ ಹೇಳಬೇಕು ಅನ್ನಿಸಿತು. ಜವಾನ ಹೇಗೆ ಕೂಗುವುದು? ಗಂಟೆ ಹೊಡೆದೆ. ಸ್ವಲ್ಪ ಜೋರಾಗಿಯೇ ಹೊಡೆದೆ.

ಮಧ್ಯಾಹ್ನ ಯಾರೂ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಮೊದಲು ಬಂದವಳು ಹನ್ನೊಂದನೆಯ ತರಗತಿಯ ಮೊದಲ ನಂಬರಿನ ಹುಡುಗಿ. ಅವಳ ಹಿಂದೆ ಇನ್ನಿಬ್ಬರು. ಊಟದ ಡಬ್ಬಿ ಮುಚ್ಚಿಟ್ಟು ಒಬ್ಬೊಬ್ಬರೇ ಬಂದರು, ಸಾಲು ವರಾಂಡ ದಾಟಿತು. ಒಳಗೆ ಮುಖ ತೋರಿಸದ ಅಕ್ಕೋರ ಹತ್ತಿರ ಹೇಗೆ ಕೂರುವುದೆಂದು ಹುಡುಗರಿಗೆ ಭಯ. ಆಗ ಯಾಲಿಂಗ್ ಸಾಲಿನ ಹತ್ತಿರ ಬಂದಳು. ಮೊದಲ ನಂಬರಿನ ಹುಡುಗಿಯ ಭುಜ ಹಿಡಿದು, ಹೀಗೆ ಕೂರು, ಹೊರಗೆ ಮರ ನೋಡು, ಗಡಿಬಿಡಿ ಮಾಡಬೇಡ ಎಂದು ಕೈಸನ್ನೆಯಲ್ಲಿ, ಇಂಗ್ಲಿಷಿನಲ್ಲಿ ಹೇಳಿಕೊಟ್ಟಳು. ಆ ಹುಡುಗಿ ಒಳಗೆ ಹೋಗಿ, ಮೊದಲಿಗಿಂತ ಕಡಿಮೆ ಮಾರ್ಕು ತೆಗೆದುಕೊಂಡು, ಕೆಂಪು ಮುಖ ಮಾಡಿಕೊಂಡು ಹೊರಗೆ ಬಂದಳು. ಬಂದವಳು ನೇರ ಯಾಲಿಂಗಳ ಹತ್ತಿರ ಹೋಗಿ, ನಾಳೆಯಿಂದ ನನ್ನ ಬೆಂಚಿಗೆ ಬಾ, ನನಗೆ ಕೇಳುವುದನ್ನು ಕಲಿಸು ಎಂದಳು.

ಇಷ್ಟೇ ನನ್ನ ಬರಹ. ತನ್ನ ಪರೀಕ್ಷೆಯೇ ತಪ್ಪು ಎಂದು ಮಕ್ಕಳ ಮುಂದೆ ಹೇಳಿದ ಅಕ್ಕೋರನ್ನೋ ಮಾಸ್ತರರನ್ನೋ ನೀವೂ ಕಂಡಿದ್ದರೆ ದಯವಿಟ್ಟು ಬರೆಯಿರಿ. ನಾನು ನಿಧಾನ ಓದುವವನು, ಆದರೆ ಪೂರಾ ಓದುತ್ತೇನೆ.